ಐದರ ಕುಬಸ

ಮಾರ್ಚ್ 13, 2011. ಭಾನುವಾರ

ಹಾಲು ಬಂತು. ಪೇಪರ್ ಬಂತು. ಚಹಾ ಬರಲಿಲ್ಲ. ಕೃಷ್ಣಾ ಟಿವಿ ಮುಂದೆ ಕುಳಿತುಬಿಟ್ಟಿದ್ದಾಳೆ. ಜಪಾನಿನ ಅಣುಸ್ಥಾವರದಿಂದ ಹೊಗೆ ಏಳುವುದನ್ನೇ ತಿರುಗಾ ಮುರುಗಾ ತೋರಿಸುತ್ತಿದ್ದಾರೆ. ಮನೆ ಬಿಟ್ಟು ಬಂದು ಶಾಲೆಯ ನೆಲದ ಮೇಲೆ ಕಂಬಳಿ ಹೊದ್ದು ಮಲಗಿದ ಒಬ್ಬ ಮುದುಕಿಯನ್ನು ನೋಡಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನೇ ಚಹಾ ಮಾಡಿದೆ. ಸಕ್ಕರೆ ಜಾಸ್ತಿಯಾಯಿತು. ಬೈಯಲಿಲ್ಲ. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

“ಪ್ರಾಚಿಗೆ ಫೋನ್ ಹಚ್ರಿ” ಎಂದಳು.

ಮಗಳಿರುವುದು ಕೈಗಾದ ಕಾಲೊನಿಯಲ್ಲಿ. ಅಳಿಯ ಓಂಕಾರ್ ಅಲ್ಲಿನ ಸ್ಥಾವರದಲ್ಲಿ ಎಂಜಿನಿಯರ್. ಪ್ರಾಚಿ ಬಸುರಿ, ಈಗಷ್ಟೇ ಐದನೇ ತಿಂಗಳು ಹಿಡಿದಿದೆ. ನಮ್ಮ ಗಾಬರಿ ಕೇಳಿ ಪ್ರಾಚಿ ನಕ್ಕುಬಿಟ್ಟಳು. “ಜಪಾನ್ ಎಲ್ಲಿ, ಕಾರವಾರ ಎಲ್ಲಿ ಅವ್ವಾ? ಇಲ್ಲೆ ಎಲ್ಲಾ ಚಲೋ ಅದ.”

ಕೃಷ್ಣಾ ಫೋನ್ ಇಟ್ಟಳು. “ನಕ್ಕಳು ನೋಡ್ರಿ. ಅಂಜಿದವರ ನಗಿ ಅದು.”

ಮಾರ್ಚ್ 15. ಮಂಗಳವಾರ

ಎಲ್ಲರ ಮೊಬೈಲಿಗೂ ಒಂದೇ ಮೆಸೇಜು. ಮಳೆ ಬಂದರೆ ಹೊರಗೆ ಹೋಗಬೇಡಿ, ಕುತ್ತಿಗೆಗೆ ಅಯೋಡಿನ್ ಹಚ್ಚಿಕೊಳ್ಳಿ... ಮಾರ್ಚ್ ತಿಂಗಳಲ್ಲಿ ನಮ್ಮ ಗೋವಾದ ವಾಸ್ಕೋದಲ್ಲಿ ಮಳೆ! ಬೆವರು ಬಿಟ್ಟರೆ ಬೇರೇನೂ ಸುರಿಯುತ್ತಿಲ್ಲ. ಆದರೂ ಸ್ನಾನ ಮಾಡಿ ಬಂದವನನ್ನು ಹಿಡಿದು ನಿಲ್ಲಿಸಿ ಬೆಟಡಿನ್ ಬಳಿದಳು. ಮದುವೆಯಲ್ಲಿ ಅರಿಶಿನ ಹಚ್ಚುವಾಗಲೂ ಇಷ್ಟು ಶ್ರದ್ಧೆ ಇರಲಿಲ್ಲ.

ಪೋರ್ಟ್ ಆಫೀಸಿನಲ್ಲಿ ಕೇಶಪ್ಪ ಕೇಳಿದ, “ಏನ್ರಿ ಸರ, ಕುತಿಗಿ ಯಾರರೆ ಹಿಚಿಕ್ಯಾರೇನು?”

“ಹೌದಪ್ಪಾ. ಪ್ರೀತಿಲೆ” ಎಂದೆ.

ಸಂಜೆ ಕೆಳಗಿನ ನಲ್ಲಿಯ ಹತ್ತಿರ ನಮ್ಮವಳದೇ ಭಾಷಣ. ಎದುರು ಮನೆಯ ದುರ್ಗಾಬಾಯಿ ಕೊಡ ತುಂಬಿ ಹರಿದರೂ ಕೇಳುತ್ತ ನಿಂತಿದ್ದಳು. “ಆ ಕಿರಣ ಕಣ್ಣಿಗೆ ಕಾಣಂಗಿಲ್ರಿ. ಉಟ್ಟ ಅರಿವ್ಯಾಗ ಕೂಡತದ, ಕೂದಲಾಗ ಕೂಡತದ...” ಎಲ್ಲಿ ಕಲಿತಳೋ. ಇಡೀ ಮಾಂಗೋರ್ ಹಿಲ್‌ಗೆ ಈಗ ಅವಳೇ ಸೈಂಟಿಸ್ಟು.

ಮಾರ್ಚ್ 17. ಗುರುವಾರ

ಉಪಾಯ ಹೂಡಿದ್ದಾಳೆ. ಏಳನೇ ತಿಂಗಳಲ್ಲಿ ಮಾಡಬೇಕೆಂದಿದ್ದ ಕುಬಸ, ಅದೇ ಸೀಮಂತ, ಐದರಲ್ಲೇ! ಮಗಳನ್ನು ತವರಿಗೆ ಕರೆಸಿ, ಹಸಿರು ಸೀರೆ ಉಡಿಸಿ, ಐವರು ಮುತ್ತೈದೆಯರಿಂದ ಉಡಿ ತುಂಬಿಸುತ್ತೇವೆ ಎಂದರೆ ಯಾವ ಬೀಗರು ಬೇಡ ಅಂದಾರು? ಅನ್ನಲಿಲ್ಲ. “ಒಮ್ಮೆ ಬಂದ್ಳಂದ್ರ ಮುಗೀತು. ಹಡಿಯೂತನಕಾ ಕಳಸೂದಿಲ್ಲ.” ಬೀಗರ ಮುಂದೆ ಜಪಾನಿನ ಹೆಸರೇ ಎತ್ತಲಿಲ್ಲ. ಇಂಥ ತಲೆ ನಮ್ಮ ಪೋರ್ಟಿನಲ್ಲಿದ್ದರೆ ಒಂದು ಹಡಗೂ ಹೊರಗೆ ಕಾಯುತ್ತಿರಲಿಲ್ಲ.

ಮಾರ್ಚ್ 27. ಭಾನುವಾರ

ಕರೆದುಕೊಂಡು ಬಂದೆ. ಕಾರವಾರದ ಸ್ಟ್ಯಾಂಡಿಗೆ ಓಂಕಾರ್ ಬಂದು ಬಿಟ್ಟುಹೋದ. “ಅತ್ತಿಯವರಿಗೆ ಹೇಳ್ರಿ, ನಾವು ದಿನಾ ಮೀಟರ್ ಹಿಡಿದು ನೋಡತೇವಿ. ಅಂಜೂದು ಬ್ಯಾಡ” ಎಂದ. ಪಾಪದ ಹುಡುಗ. ಬಸ್ಸಿನಲ್ಲಿ ಪ್ರಾಚಿ ನನ್ನ ಭುಜದ ಮೇಲೆ ತಲೆಯಿಟ್ಟು ಮಲಗಿದಳು, ಸಣ್ಣವಳಿದ್ದಾಗ ಮಲಗುತ್ತಿದ್ದ ಹಾಗೆಯೇ. ಬಸ್ಸು ಬದಲಿಸಬೇಕಾದ ಮಡಗಾಂವ್ ಬರುವುದೇ ಬೇಡ ಅನಿಸಿತು.

ಮನೆಯಲ್ಲಿ ಕೃಷ್ಣಾ ಅಪ್ಪಿಕೊಂಡಳು, ಅತ್ತಳು, ದೃಷ್ಟಿ ತೆಗೆದಳು. ಆಮೇಲೆ ಬ್ಯಾಗನ್ನು ನೇರ ಬಚ್ಚಲಿಗೆ ಒಯ್ದು ಎಲ್ಲ ಬಟ್ಟೆ ಉಪ್ಪುನೀರಿನ ಬಕೆಟಿಗೆ.

“ಧೂಳಾಗ್ಯಾವು” ಎಂದಳು.

ಪ್ರಾಚಿ ಬಕೆಟ್ ನೋಡಿದಳು. ನನ್ನ ಮುಖ ನೋಡಿದಳು. ಉಟ್ಟಿದ್ದ ಹಳದಿ ಸೀರೆಯನ್ನು ಮಾತ್ರ ಕೊಡಲಿಲ್ಲ. ಮಡಿಚಿ ಬ್ಯಾಗಿನಲ್ಲಿಟ್ಟುಕೊಂಡಳು.

ಏಪ್ರಿಲ್ 4. ಯುಗಾದಿ

ಬೇವು ಕೊಟ್ಟು ಬರಲು ಪ್ರಾಚಿ ಎದುರು ಮನೆಗೆ ಹೋದಳು. ದುರ್ಗಾಬಾಯಿ ಬಾಗಿಲಲ್ಲೇ ತಡೆದು, “ಅಲ್ಲೇ ಸ್ಟೂಲ್ ಮ್ಯಾಲೆ ಇಡವಾ” ಎಂದಳಂತೆ. “ಅರಿವ್ಯಾಗ, ಕೂದಲಾಗ ಕೂಡತದಂತ” ಎನ್ನುತ್ತ ತನ್ನ ಮೊಮ್ಮಗಳನ್ನು ಒಳಗೆ ಅಟ್ಟಿದಳಂತೆ.

ಊಟಕ್ಕೆ ಕುಳಿತಾಗ ಪ್ರಾಚಿ ಮೆಲ್ಲಗೆ ಕೇಳಿದಳು. “ಅವ್ವಾ, ಅರಿವ್ಯಾಗ ಕೂಡತದ, ಕೂದಲಾಗ ಕೂಡತದ ಅಂತ ದುರ್ಗಾ ಮಾವಶಿಗೆ ಯಾರು ಹೇಳ್ಯಾರ?”

ಕೃಷ್ಣಾ ಹೋಳಿಗೆ ಬಡಿಸುತ್ತಿದ್ದವಳು ನಿಂತಳು. “ನಾ ಟಿವಿ ಸುದ್ದಿ ಹೇಳಿದ್ನೆವಾ. ನಿನ್ನ ಬಗ್ಗೆ ಎಲ್ಲಿ ಹೇಳೇನಿ?”

ಯಾರಿಗೂ ಹೋಳಿಗೆ ಸೇರಲಿಲ್ಲ.

ಏಪ್ರಿಲ್ 6. ಬುಧವಾರ

ನಾಡಿದ್ದು ಶುಕ್ರವಾರ ಕುಬಸ. ಬರಲು ಹೇಳಿದ್ದ ಹೆಂಗಸರೆಲ್ಲ ಒಬ್ಬೊಬ್ಬರಾಗಿ ನೆವ ತೆಗೆದರು. ಒಬ್ಬಳಿಗೆ ಜ್ವರ. ಒಬ್ಬಳಿಗೆ ಊರಿನ ಕೆಲಸ. ದುರ್ಗಾಬಾಯಿ ನೆವವನ್ನೂ ಹೇಳಲಿಲ್ಲ, ಬಾಗಿಲು ಹಾಕಿಕೊಂಡಳು.

ಪ್ರಾಚಿ ಬ್ಯಾಗ್ ಕಟ್ಟಿಟ್ಟಿದ್ದಾಳೆ. “ಉಡಿ ತುಂಬಾಕ ಯಾರೂ ಬರಂಗಿಲ್ಲಂದ್ರ ಕುಬಸ ಯಾಕಪ್ಪಾ? ನನ್ನ ಬಸ್ ಹತ್ತಸು. ಅಲ್ಲೆ ನನ್ನ ಮುಟ್ಟಾಕ ಯಾರೂ ಅಂಜೂದಿಲ್ಲ.” ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅಳಲಿಲ್ಲ. ಇವಳು ಈಗ ಹೋದರೆ ಹೆರಿಗೆಗೂ ಈ ಮನೆಗೆ ಬರುವುದಿಲ್ಲ, ನನಗೆ ಗೊತ್ತು. ಕೃಷ್ಣಾ ಅಡಿಗೆ ಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು.

ಏಪ್ರಿಲ್ 7. ಸಂಜೆ

ಬರೆಯಲೇಬೇಕು. ಕೃಷ್ಣಾ ಮಗಳ ಬ್ಯಾಗ್ ಬಿಚ್ಚಿದಳು. ಆ ಹಳದಿ ಸೀರೆ ತೆಗೆದಳು — ಉಟ್ಟಳು. ಕುಂಕುಮದ ಬಟ್ಟಲು ಹಿಡಿದು ಹೊರಟಳು. ನಾನು ಚಪ್ಪಲಿ ಹಾಕದೆ ಬಾಗಿಲಿಗೆ ಓಡಿದೆ.

ಮೊದಲು ಎದುರು ಮನೆ. ದುರ್ಗಾಬಾಯಿ ಬಾಗಿಲು ಅರ್ಧ ತೆರೆದಳು. “ಹೊಸಾ ಸೀರಿ ಏನ್ರಿ?”

“ಪ್ರಾಚಿದು. ಕೈಗಾದಿಂದ ಉಟಗೊಂಡು ಬಂದದ್ದು. ಇನ್ನೂ ಒಗದಿಲ್ಲ.” ಹೇಳುತ್ತಲೇ ಕೈ ಮುಂದೆ ಮಾಡಿ ಅವಳ ಹಣೆಗೆ ಕುಂಕುಮ ಹಚ್ಚಿಬಿಟ್ಟಳು. “ನಲ್ಲಿ ಹತ್ರ ನಾ ಆಡಿದ್ದು ತಿಳೀಲಾರದ ಮಾತು. ತಪ್ಪು ನಂದು, ಹುಡುಗೀದಲ್ಲ. ನಾಳೆ ಬರ್ರಿ.”

ಉತ್ತರಕ್ಕೆ ಕಾಯಲಿಲ್ಲ. ಮೆಟ್ಟಿಲಿಳಿದು ಮುಂದಿನ ಮನೆ, ಅದರ ಮುಂದಿನದು... ಹಳದಿ ಸೀರೆ ಓಣಿಯ ಕೊನೆಯತನಕ ಕಾಣುತ್ತಿತ್ತು. ಇವಳನ್ನೇ ಇನ್ನೊಮ್ಮೆ ಮದುವೆಯಾಗು ಎಂದರೆ ಇವತ್ತೇ ಆಗುತ್ತೇನೆ.

ಹಿಂದಿರುಗಿ ನೋಡಿದರೆ ಪ್ರಾಚಿ ಕಿಟಕಿಯಲ್ಲಿ. ಬಸ್ಸಿನ ಮಾತು ಮತ್ತೆ ಎತ್ತಲಿಲ್ಲ.

ಏಪ್ರಿಲ್ 8. ಶುಕ್ರವಾರ, ಮಧ್ಯಾಹ್ನ

ಗಂಡಸಿಗೆ ಹೊರಗೆ ಕೆಲಸವಿಲ್ಲ. ಒಳಕೋಣೆಯಲ್ಲಿ ಕುಳಿತಿದ್ದೇನೆ, ಕಿವಿ ಹೊರಗೆ, ಪರದೆಯ ಸಂದಿಯಿಂದ ಆಗಾಗ ಕಣ್ಣೂ.

ಬಳೆಗಾರ್ತಿ ಲಾಡಬಿ ಎಲ್ಲರಿಗಿಂತ ಮೊದಲೇ ಬಂದಳು. ಪ್ರಾಚಿಯ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಒತ್ತಿ, ಅಮುಕಿ, ಬಿಗಿಯಾದ ಹಸಿರು ಬಳೆ ಏರಿಸಿದಳು. “ಬೆಣ್ಣಿಯಂಥಾ ಕೈ ಐತಿ ನೋಡವಾ ನಿಂದು.” ಜ್ವರದವಳು ಬಂದಳು, ಜ್ವರ ಇಳಿದಿತ್ತಂತೆ. ಊರಿಗೆ ಹೋಗಬೇಕಾದವಳೂ ಬಂದಳು. ಇನ್ನಿಬ್ಬರು. ಉಡಿ ತುಂಬುವ ಮುತ್ತೈದೆಯರು ನಾಲ್ವರಾದರು. ಕೃಷ್ಣಾ ಅದೇ ಹಳದಿ ಸೀರೆಯಲ್ಲಿ ಓಡಾಡುತ್ತಿದ್ದಾಳೆ. ಐದನೆಯವಳಿಗೆ ಕಾಯುತ್ತಿದ್ದಾರೆ. ಉಡಿಯ ತೆಂಗಿನಕಾಯಿ ತಟ್ಟೆಯಲ್ಲಿ ಹಾಗೇ ಇದೆ...

ಎದುರು ಮನೆಯ ಚಿಲಕದ ಸದ್ದು.

ದುರ್ಗಾಬಾಯಿಯ ದನಿ! “ಸರೀರಿ, ಸರೀರಿ. ಎಲ್ಲದಾಳ ಹುಡುಗಿ? ಮೊದಲ ಉಡಿ ನಾ ತುಂಬತೇನಿ.”

ಪ್ರಾಚಿ ನಕ್ಕಳು. ಇದು ಅಂಜಿದವರ ನಗು ಅಲ್ಲ.

ಕೃಷ್ಣಾ ಕೂಗುತ್ತಿದ್ದಾಳೆ — “ಏನ್ರಿ, ಆ ಬರಿಯೂದು ಬಿಡ್ರಿ. ಬಂದು ಮಗಳ ಮಾರಿ ನೋಡ್ರಿ, ಹೆಂಗ—”