ಗಂಡನ ಸಹಿ

ಧರ್ಮಾಸ್ಪತ್ರೆ, ಸ್ಟೇಷನ್ ರಸ್ತೆ, ವಿಜಾಪುರ
ಬುಧವಾರ, ೧೩ ಮಾರ್ಚ್ ೧೯೪೬, ಮಧ್ಯಾಹ್ನ

ಡಾಕ್ಟರ್ ಶಿವಶರಣಪ್ಪನವರಿಗೆ, ಹೆಣ್ಣುಮಕ್ಕಳ ವಾರ್ಡಿನ ಕಿಟಕಿ ಪಕ್ಕದ ಹಾಸಿಗೆಯಿಂದ ಗುರುಸಿದ್ದವ್ವ ಮಾಡುವ ಶರಣು.

ಹೆಸರು ಹಿಡಿದು ಬರೆದೆನೆಂದು ಸಿಟ್ಟಾಗಬೇಡಿ. ಮದುವೆಯಾದಂದಿನಿಂದ ಈ ಹೆಸರನ್ನು ಬಾಯಲ್ಲಿ ಆಡಿದವಳಲ್ಲ. ಇಲ್ಲಿ ರೋಗಿಗಳೆಲ್ಲ ನಿಮ್ಮನ್ನು ಹಾಗೇ ಕರೆಯುತ್ತಾರೆ, ನಾನೂ ಒಬ್ಬ ರೋಗಿ. ದಿನಾ ಬಂದು ನನ್ನ ನಾಡಿ ಹಿಡಿದು ಹೋಗುತ್ತೀರಿ. ಮಾತಾಡುವ ಹಾಗಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನರ್ಸ್ ಮುಮತಾಜ ಇದನ್ನು ನಿಮ್ಮ ಕೈಗೇ ಕೊಡುತ್ತೇನೆ ಎಂದಿದ್ದಾಳೆ. ಅವಳಿಗೆ ಎಲ್ಲ ಗೊತ್ತು. ನಾನಾಗಿ ಹೇಳಲಿಲ್ಲ. ನನ್ನ ಕೈ ಮುಟ್ಟುವಾಗಲೆಲ್ಲ ನೀವು ಮುಖ ಆಚೆ ತಿರುಗಿಸುವುದನ್ನು ಕಂಡು ತಾನೇ ತಿಳಿದುಕೊಂಡಳು.

ನಿಮ್ಮ ಕೆಲಸ ಕೆಡಿಸಲು ನಾನು ಬಂದಿಲ್ಲ. ಮೊದಲು ಇದನ್ನು ನಂಬಿ. ಡಾಕ್ಟರಿಕೆ ಪಾಸಾದರಷ್ಟೇ ಸಾಲದು, ಸರ್ಜನ್ ಆಗುವ ಓದಿಗೆ ಮುಂಬೈಯಲ್ಲಿ ಸೇರಿಸಿಕೊಳ್ಳಬೇಕಾದರೆ ಒಂದು ವರ್ಷ ಪೂರಾ ಹಿರಿಯ ಸರ್ಜನ್ನರ ಕೈಕೆಳಗೆ, ಆಸ್ಪತ್ರೆಯ ಕೋಣೆಯಲ್ಲೇ ಇದ್ದು ದುಡಿದಿರಬೇಕು, ಅವರು ತಮ್ಮ ಕೈಯಾರೆ ಸರ್ಟಿಫಿಕೇಟು ಬರೆದು ಕೊಡಬೇಕು ಎಂದು ನೀವೇ ಹೇಳಿದ್ದಿರಿ. ಮದುವೆಯಾದವರನ್ನು ಈ ಆಸ್ಪತ್ರೆಯವರು ಆ ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ ಎಂದೂ ಹೇಳಿದ್ದಿರಿ. ನಿಮ್ಮ ಅಪ್ಪ ಹೊಟ್ಟೆನೋವಿನಲ್ಲಿ ಒದ್ದಾಡುತ್ತ, ಸರ್ಜನ್ ಇದ್ದ ಊರು ಮುಟ್ಟುವ ಮೊದಲೇ ಸೊಲ್ಲಾಪುರದ ದಾರಿಯಲ್ಲಿ ಗಾಡಿಯಲ್ಲೇ ಪ್ರಾಣ ಬಿಟ್ಟಿದ್ದು ನನಗೆ ಗೊತ್ತಿಲ್ಲವೇ? ನೀವು ಮದುವೆಯಾಗಿಲ್ಲ ಎಂದು ಬರೆದುಕೊಟ್ಟಾಗ ನಾನೂ ಒಪ್ಪಿದ್ದೆ. ವರ್ಷ ಮುಗಿಯುವ ತನಕ ಆಸ್ಪತ್ರೆಯ ಕಡೆ ಬರಬೇಡ ಎಂದು ಅತ್ತೆಗೂ ಹೇಳಿ ಹೋದಿರಿ. ಯಾಕೆ ಎಂಬುದನ್ನು ಮಾತ್ರ ಅವರಿಗೆ ತಿಳಿಸಲಿಲ್ಲ.

ದೀಪಾವಳಿಗೆ ನೀವು ಟಿಕೋಟಾಕ್ಕೆ ಬಂದು ಹೋದ ಮೇಲೆ ನನ್ನ ಹೊಟ್ಟೆ ಮುಂದೆ ಬಂತು. ಅತ್ತೆಯ ಸಂಭ್ರಮ ಹೇಳತೀರದು. ನಾನು ಕಲಿಸುವ ಶಾಲೆಗೇ ಬುತ್ತಿ ತಂದು, ಎದುರಿಗೆ ಕೂತು ಉಣ್ಣಿಸಿದರು. ನೋವಾಗುತ್ತದೆ ಎಂದರೆ, ಗಂಡು ಕೂಸು ಒದೆಯುತ್ತದೆ ಎಂದು ನಕ್ಕರು. ಅದು ಕೂಸಲ್ಲ ಎಂಬ ಅನುಮಾನ ನನಗೆ ಬಂದಾಗ ಅವರ ಮುಖ ನೋಡಿ ಹೇಳಲಾಗಲಿಲ್ಲ. ತವರಿಗೆ ಹೋಗುತ್ತೇನೆಂದು ಸುಳ್ಳು ಹೇಳಿ, ಬಬಲೇಶ್ವರದ ಬದಲು ವಿಜಾಪುರದ ಬಸ್ಸು ಹತ್ತಿದೆ. ನಿಮ್ಮನ್ನು ಮರೆಯಲ್ಲಿ ಕಂಡು ಕೇಳೋಣ ಎಂದುಕೊಂಡಿದ್ದೆ. ಆಸ್ಪತ್ರೆಯ ಮೆಟ್ಟಿಲ ಮೇಲೇ ಬಿದ್ದುಬಿಟ್ಟೆ.

ಕಣ್ಣು ಬಿಟ್ಟಾಗ ನೀವು ದೊಡ್ಡ ಸಾಹೇಬರ, ನಿಮ್ಮ ಆ ಹಿರಿಯ ಸರ್ಜನ್ನರ, ಪಕ್ಕದಲ್ಲಿ ನಿಂತಿದ್ದಿರಿ. ಅವರು ಮುಂಬೈಯವರು, ನಮ್ಮ ಮಾತು ಬಾರದು. ಅವರು ಇಂಗ್ಲಿಷಿನಲ್ಲಿ ಕೇಳಿದ್ದನ್ನು ನೀವು ನನಗೆ ಕನ್ನಡದಲ್ಲಿ ಕೇಳಬೇಕಾಯಿತು.

"ನಿಮ್ಮ ಗಂಡ ಎಲ್ಲಿ ಅದಾರ್ರಿ?"

ನನಗೆ ಎಂದೂ ಬಹುವಚನ ಹಚ್ಚಿದವರಲ್ಲ ನೀವು. ಏನು ಹೇಳಲಿ ಎಂದು ನಿಮ್ಮ ಮುಖವನ್ನೇ ನೋಡಿದೆ. ನೀವು ನೆಲ ನೋಡಿದಿರಿ.

"ದೂರ ಹೋಗ್ಯಾರ್ರಿ," ಎಂದೆ.

"ಬುಧವಾರದೊಳಗ ಕರಸ್ರಿ. ಹೊಟ್ಟ್ಯಾಗ ಗಡ್ಡಿ ಐತಿ, ತಿರುವಿಕೊಂಡೈತಿ. ತಡಾ ಆದ್ರ ಜೀವಾ ಉಳಿಯಾಂಗಿಲ್ಲ. ಗಂಡನ ಸಹಿ ಇಲ್ಲದ ಸಾಹೇಬರು ಆಪರೇಶನ್ ಮಾಡಾಂಗಿಲ್ರಿ."

ಸಾಹೇಬರು ಹೇಳಿದ್ದರಲ್ಲಿ ಒಂದು ಮಾತನ್ನೂ ನೀವು ಬಿಡಲಿಲ್ಲ.

ಆ ಸೋಮವಾರವೆಲ್ಲ ಬಾಗಿಲ ಕಡೆ ನೋಡುತ್ತ ಮಲಗಿದ್ದೆ. ಬರುತ್ತೀರಿ, ನಾನೇ ಸಹಿ ಮಾಡುತ್ತೇನೆ ಅನ್ನುತ್ತೀರಿ, ನಾನು ಬೇಡ ಅನ್ನುತ್ತೇನೆ, ಹೀಗೆಲ್ಲ ಮನಸ್ಸಿನಲ್ಲಿ ಆಡಿಕೊಂಡೆ. ನೀವು ಬರಲಿಲ್ಲ. ಮುಮತಾಜಳ ಕೈಯಲ್ಲಿ ಒಂದು ಮಾತು ಕಳಿಸಿದಿರಿ: ಅಣ್ಣನನ್ನು ಕರೆಸು, ಅವನೇ ಗಂಡ ಎಂದು ಸಹಿ ಮಾಡಲಿ.

ಅಮರಪ್ಪಣ್ಣ ಮಂಗಳವಾರ ಬಬಲೇಶ್ವರದಿಂದ ಬಂದ. ನಿಮ್ಮ ಮಾತನ್ನು ಅವನಿಗೆ ಹೇಳಿದೆ. "ಒಡಹುಟ್ಟಿದ ತಂಗಿಗಿ ನಾ ಗಂಡ ಅಂತ ಬರೀಲೇನ ಬೇ? ಈಗ ಹೋಗತೇನಿ. ಆ ಸಾಹೇಬನ ಮುಂದ ನಿಂತು, ಇಂವನ ಇಕಿ ಗಂಡ ಅಂತ ಒದರತೇನಿ," ಎಂದು ಎದ್ದ. ಹೊಟ್ಟೆ ಹಿಡಿದುಕೊಂಡೇ ಹಾಸಿಗೆಯಿಂದ ಇಳಿದು ಅವನ ಕಾಲು ಹಿಡಿದೆ. ಇನ್ನು ಕೆಲವೇ ವಾರ ಅಣ್ಣಾ, ಅವರ ಬಾಳು ಮುರಿಯಬೇಡ ಎಂದು ಬೇಡಿಕೊಂಡೆ. ಆಮೇಲೆ ಮುಮತಾಜಳನ್ನು ಕೇಳಿದೆ, ಗಂಡನೇ ಇಲ್ಲದವಳಿಗೆ ಯಾರು ಸಹಿ ಮಾಡುತ್ತಾರೆ ಎಂದು. ಅಣ್ಣ ಮಾಡಬಹುದು ಅಂದಳು.

ಸೆರಗಿನಿಂದ ಹಣೆ ಒರೆಸಿಕೊಂಡೆ. ಬಳೆ ತೆಗೆದೆ. ತಾಳಿಯನ್ನು ಅಣ್ಣನ ಅಂಗಿಯ ಕಿಸೆಗೆ ಹಾಕಿದೆ. ಅವನು ಗೋಡೆಗೆ ಮುಖ ಮಾಡಿ ನಿಂತಿದ್ದ.

ಇವತ್ತು ಬೆಳಿಗ್ಗೆ ನೀವು ಸಾಹೇಬರ ಜೊತೆ ಬಂದು ನನ್ನನ್ನು ನೋಡಿದಿರಲ್ಲ, ಆಗ ನಿಮ್ಮ ಮುಖದಲ್ಲಿ ರಕ್ತವೇ ಇರಲಿಲ್ಲ. ಬಬಲೇಶ್ವರದಿಂದ ಸಾವಿನ ಸುದ್ದಿ ಬಂದಿದೆ ಎಂದು ಮುಮತಾಜ ತನಗೆ ಬರುವಷ್ಟು ಇಂಗ್ಲಿಷಿನಲ್ಲಿ ಸಾಹೇಬರಿಗೆ ಹೇಳಿದಳು. ಅವರು ಏನೋ ಕೇಳಿದರು.

"ಯಾವಾಗ ತೀರಿಕೊಂಡ್ರು ಅಂತ ಕೇಳತಾರ್ರಿ," ಎಂದಿರಿ. ದನಿ ಹೊರಗೇ ಬರಲಿಲ್ಲ. ಸಾಹೇಬರು ಇನ್ನೊಮ್ಮೆ ಕೇಳಿಸಿದರು.

"ಸೋಮವಾರರಿ," ಎಂದೆ.

ಅಣ್ಣ ಸಹಿ ಮಾಡಿದ. ನಾಳೆ ಬೆಳಿಗ್ಗೆ ಆಪರೇಶನ್ ಅಂತೆ. ನೀವೂ ಪಕ್ಕದಲ್ಲಿ ನಿಂತು ಕೈ ಹಚ್ಚುತ್ತೀರಂತೆ.

ಇನ್ನು ನನ್ನ ಬೇಡಿಕೆ. ಸಾಯಲು ನನಗೆ ಹೆದರಿಕೆ ಇದೆ, ಅದನ್ನು ಮುಚ್ಚಿಡುವುದಿಲ್ಲ. ಅದಕ್ಕಿಂತ ಹೆಚ್ಚಿನ ಹೆದರಿಕೆ, ಸತ್ತರೆ ನನ್ನ ಮಣ್ಣಿಗೆ ನೀವು ಯಾರಾಗಿ ಬರುತ್ತೀರಿ ಎಂಬುದು. ಬರುತ್ತೀರೋ ಇಲ್ಲವೋ. ಸರ್ಟಿಫಿಕೇಟು ಬಿಡಿ ಅನ್ನುವುದಿಲ್ಲ. ಇಲ್ಲ, ಅನ್ನುತ್ತೇನೆ. ಬಿಟ್ಟುಬಿಡಿ. ಟಿಕೋಟಾದಲ್ಲಿ ಜ್ವರ, ಕೆಮ್ಮು ನೋಡುವ ಡಾಕ್ಟರಾಗಿ ಇದ್ದರೂ ಜನ ನಿಮಗೆ ಕೈ ಮುಗಿಯುತ್ತಾರೆ. ಇಷ್ಟು ಬರೆದು, ಹೊಡೆದುಹಾಕಲೇ ಎಂದು ಯೋಚಿಸಿದೆ. ಇರಲಿ. ಅದೂ ಆಗದಿದ್ದರೆ, ನನಗೆ ಎಚ್ಚರ ತಪ್ಪಿಸುವ ಮೊದಲು ಒಂದೇ ಒಂದು ಸಲ ನನ್ನ ಹೆಸರು ಹಿಡಿದು ಕರೆಯಿರಿ. ಸಾಹೇಬರಿಗೆ ನಮ್ಮ ಮಾತು ತಿಳಿಯುವುದಿಲ್ಲ. ರೋಗಿಗೆ ಧೈರ್ಯ ಹೇಳಿದಿರಿ ಎಂದುಕೊಳ್ಳುತ್ತಾರೆ.

ನಾಳೆ ಬೆಳಗಿನ ತನಕವಂತೂ ನಿಮ್ಮವಳೇ,
ಗುರುಸಿದ್ದವ್ವ

ತಾ. ಕ. — ಶುಕ್ರವಾರ, ೨೨ ಮಾರ್ಚ್

ಬದುಕಿದ್ದೇನೆ. ಈ ಕಾಗದಕ್ಕೆ ನೀವು ಕೈ ಚಾಚಲಿಲ್ಲವೆಂದು, ಯಾರಾದರೂ ನೋಡಿಯಾರು ಎಂದಿರೆಂದು ಮುಮತಾಜ ಅವತ್ತೇ ಹಿಂದಕ್ಕೆ ತಂದಳು. ಈಗ ಅಂಚೆಯಲ್ಲಿ ಹಾಕುತ್ತಿದ್ದೇನೆ. ಮೂಗಿಗೆ ಔಷಧಿಯ ಬಟ್ಟೆ ಹಿಡಿಯುವ ತನಕ ಕಿವಿಗೊಟ್ಟು ಮಲಗಿದ್ದೆ, ನೀವು ಕರೆಯಲಿಲ್ಲ. ಆದರೆ ನಿಮ್ಮ ಕೈ ಒಂದಿಷ್ಟೂ ನಡುಗಲಿಲ್ಲವಂತೆ. ಸಾಹೇಬರು ಮೆಚ್ಚಿಕೊಂಡರಂತೆ.

ನಿನ್ನೆ ನಿಮ್ಮ ತಾಯಿ ಬಬಲೇಶ್ವರದಲ್ಲಿ ವಿಚಾರಿಸಿ, ನನ್ನನ್ನು ಹುಡುಕಿಕೊಂಡು ಇಲ್ಲಿಗೆ ಬಂದರು. ನಾನು ನಿದ್ದೆಯಲ್ಲಿದ್ದೆ. ಬರಿ ಹಣೆ ನೋಡಿದವರೇ, "ಯಪ್ಪಾ, ನನ್ನ ಮಗಾ ಹೋದನೇನೋ!" ಎಂದು ಎದೆ ಬಡಿದುಕೊಂಡು ನೆಲಕ್ಕೆ ಬಿದ್ದರು. ನನಗೆ ಎಚ್ಚರವಾಗಿ ಬಾಯಿ ತೆರೆಯುವಷ್ಟರಲ್ಲಿ ನೀವೂ ಸಾಹೇಬರೂ ಒಳಗೆ ಬಂದಿರಿ. "ಅದಾನ! ನನ್ನ ಮಗಾ ಅದಾನ!" ಎಂದು ಓಡಿಬಂದು ನಿಮ್ಮನ್ನು ತಬ್ಬಿಕೊಂಡರು. ಸಾಹೇಬರು ಏನೆಂದು ಕೇಳಿದರು, ನೀವು ಇಂಗ್ಲಿಷಿನಲ್ಲಿ ಏನೋ ಹೇಳಿದಿರಿ. ಸಾಹೇಬರ ಕಣ್ಣಲ್ಲಿ ನೀರು ಬಂತು. ಇನ್ನಷ್ಟು ಹೊತ್ತು ಹಾಗೇ ನಿಲ್ಲಿ ಎಂದು ಸನ್ನೆ ಮಾಡಿದರು. ನೀವು ನಿಂತಿರಿ.

ಮುದುಕಿಯ ಮಗ ಸತ್ತಿದ್ದಾನೆ, ದುಃಖದಲ್ಲಿ ಬುದ್ಧಿ ಜಾರಿದೆ, ನನ್ನನ್ನೇ ಮಗ ಎಂದುಕೊಂಡಿದ್ದಾಳೆ. ನೀವು ಹೇಳಿದ್ದು ಇದನ್ನು ಎಂದು ಮುಮತಾಜ ಆಮೇಲೆ ಹೇಳಿದಳು. ವರ್ಷ ತುಂಬಲು ಕೆಲವು ವಾರ ಬಾಕಿ ಇದ್ದರೂ ನಿಮ್ಮ ಸರ್ಟಿಫಿಕೇಟಿಗೆ ಸಾಹೇಬರು ನಿನ್ನೆ ಸಂಜೆಯೇ ಸಹಿ ಮಾಡಿದರಂತೆ. ಈ ಹುಡುಗನ ಕೈಯಷ್ಟೇ ಅಲ್ಲ, ಮನಸ್ಸೂ ದೊಡ್ಡದು ಎಂದರಂತೆ.

"ಏನಂದ ಬೇ ಅಂವಾ?" ಎಂದು ಅತ್ತೆ ನನ್ನನ್ನು ಕೇಳಿದರು. ಎಲ್ಲವನ್ನೂ ಹೇಳಿದೆ. ಅವರು ಕೂಗಾಡಲಿಲ್ಲ. ನನ್ನ ತಲೆ ಬಾಚಿದರು, ನೀರು ಕುಡಿಸಿದರು. ನಾಳೆ ಅವರೂ ನನ್ನ ಜೊತೆ ಬಬಲೇಶ್ವರಕ್ಕೆ, ಅಣ್ಣನ ಮನೆಗೆ ಬರುತ್ತಾರೆ. ಮಗನಿಗೆ ಏನಾದರೂ ಬರೆಯಲೇ ಎಂದು ಈಗ ತಾನೇ ಕೇಳಿದೆ. ನನ್ನ ಹೊದಿಕೆ ಸರಿಮಾಡುತ್ತ ಅಂದರು:

"ಅವಗ ಒಮ್ಮೆ ಅತ್ತೇನಿ. ಎರಡನೇ ಸಲಾ ಅಳಾಂಗಿಲ್ಲ ಅಂತ ಬರಿ."