ಮಸ್ಕತ್ತಿಗೆ ಮೂರು ಗಂಟೆ

ಬಜ್ಪೆ, ಮಂಗಳೂರು
೨೧೮೪, ಫೆಬ್ರವರಿ ೩೦

ನನ್ನ ಮುತ್ತಜ್ಜಿಯ ಅಜ್ಜಿಯ ಕಾಲದ ಪ್ರಯಾಣಿಕರಿಗೆ,

ತಾರೀಖು ನೋಡಿ ನಗಬೇಡಿ. ತಿಂಗಳುಗಳನ್ನೆಲ್ಲ ಸರಿಮಾಡಿದಾಗ ಫೆಬ್ರವರಿಗೂ ಎರಡು ದಿನ ಹೆಚ್ಚಿಗೆ ಸಿಕ್ಕಿತು. ನನ್ನ ಮಾತು ಅಲ್ಲಲ್ಲಿ ವಿಚಿತ್ರ ಎನಿಸಿದರೆ ಕ್ಷಮಿಸಿ. ನಾನು ಎಂಟು ತಿಂಗಳ ಮಗುವಿನ ತಾಯಿ, ನೆಟ್ಟಗೆ ನಿದ್ದೆ ಮಾಡಿಯೂ ಎಂಟು ತಿಂಗಳಾಯಿತು. ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ.

ಹಳೆಯ ದಾಖಲೆಗಳ ನಡುವೆ ನಿಮ್ಮ ಕಾಲದ ಪುಟವೊಂದು ಸಿಕ್ಕಿತು. ಮಂಗಳೂರಿನಿಂದ ಮಸ್ಕತ್ತಿಗೆ ಸುಮಾರು ಎರಡು ಸಾವಿರದ ನೂರು ಕಿಲೋಮೀಟರ್, ವಿಮಾನದಲ್ಲಿ ಮೂರು ಗಂಟೆ. ಕೆಳಗೆ ನಿಮ್ಮಲ್ಲೊಬ್ಬರು ಬರೆದಿದ್ದಾರೆ: "ಕೂತು ಕೂತು ಬೆನ್ನು ಹೋಯ್ತು ಮಾರಾಯ್ರೆ, ಇದಕ್ಕಿಂತ ಬೇಗ ಹೋಗುವಂಥದ್ದು ಯಾರೂ ಮಾಡುದಿಲ್ವಾ?"

ಮಾಡಿದರು. ಅದನ್ನು ಚಿಮ್ಮುಗಾಡಿ ಎನ್ನುತ್ತೇವೆ. ಬಜ್ಪೆಯ ಗುಡ್ಡದಿಂದ ನೆಟ್ಟಗೆ ಆಕಾಶಕ್ಕೆ ಚಿಮ್ಮಿ ಇಪ್ಪತ್ತೆರಡು ನಿಮಿಷಕ್ಕೆ ಮಸ್ಕತ್ತಿನಲ್ಲಿ ಇಳಿಯುತ್ತದೆ. ಚಿಮ್ಮುವಾಗ ನಮ್ಮ ಮೈಯ ನಾಲ್ಕರಷ್ಟು ಭಾರ ಎದೆಯ ಮೇಲೆ ಕೂರುತ್ತದೆ. ಆದ್ದರಿಂದ ಮೂರು ವರ್ಷದೊಳಗಿನವರಿಗೂ ಎಪ್ಪತ್ತು ದಾಟಿದವರಿಗೂ ಪ್ರವೇಶವಿಲ್ಲ. ನಿಮ್ಮ ನಿಧಾನದ ವಿಮಾನಗಳನ್ನು ನನ್ನ ಅಜ್ಜಿ ಚಿಕ್ಕವಳಿದ್ದಾಗಲೇ ಒಡೆದು ಗುಜರಿಗೆ ಹಾಕಿದರು. ಹಡಗುಗಳಲ್ಲಿ ಸರಕಿಗೆ ಮಾತ್ರ ಜಾಗ.

ನನ್ನ ಅಮ್ಮ ಮಸ್ಕತ್ತಿನಲ್ಲಿದ್ದಾರೆ. ಹೆರಿಗೆಗೆ ಬರಲು ಟಿಕೆಟ್ ತೆಗೆದಿದ್ದರು; ಹೊರಡುವ ದಿನಕ್ಕೆ ನಾಲ್ಕು ದಿನ ಮೊದಲು ಅವರಿಗೆ ಎಪ್ಪತ್ತು ದಾಟುತ್ತದೆಂದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ, ಹತ್ತಲು ಬಿಡಲಿಲ್ಲ. ನಮ್ಮ ಮನೆತನದಲ್ಲಿ ಮಗುವಿಗೆ ಅನ್ನದ ಮೊದಲ ತುತ್ತು ತಾಯಿಯ ತಾಯಿಯ ಕೈಯದು. ಅದಕ್ಕೇ ಮಗಳು ಇಂಚರಳಿಗೆ ರಾಗಿ ಮಣ್ಣಿ ಕೊಟ್ಟೆ, ಬಾಳೆಹಣ್ಣು ಕೊಟ್ಟೆ, ಅನ್ನ ಕೊಡಲಿಲ್ಲ. ಪ್ರತಿ ಶುಕ್ರವಾರ ಅಮ್ಮ ಪರದೆಯಲ್ಲಿ ಬರುತ್ತಾರೆ. "ಬೆಳ್ತಿಗೆ ಅಕ್ಕಿ ತೆಗೆದಿಟ್ಟಿದ್ದೇನೆ ಮಗಾ. ಬಲಗೈ ಸ್ವಲ್ಪ ನಡುಗ್ತದೆ, ಒಂದು ತುತ್ತು ಹಿಡಿಲಿಕ್ಕೆ ಏನೂ ತೊಂದರೆ ಇಲ್ಲ."

ನಿಲ್ದಾಣದ ಕೌಂಟರಿನ ಹುಡುಗಿ ನನ್ನನ್ನು ಸಮಾಧಾನಪಡಿಸಿದಳು: "ಮಗುವಿಗೆ ಮೂರು ತುಂಬಲಿ ಅಕ್ಕ, ಆಮೇಲೆ ಇಪ್ಪತ್ತೆರಡೇ ನಿಮಿಷ ಅಲ್ವಾ?" ಇಪ್ಪತ್ತೆರಡು ನಿಮಿಷದ ಪ್ರಯಾಣಕ್ಕೆ ಎರಡು ವರ್ಷ ನಾಲ್ಕು ತಿಂಗಳು ಕಾಯುವುದನ್ನು ನಾನು ವೇಗ ಎಂದು ಒಪ್ಪಬೇಕೆ?

ನಿಮ್ಮ ವಿಮಾನದ ಗೋಡೆಗೆ ತೊಟ್ಟಿಲು ಸಿಕ್ಕಿಸುತ್ತಿದ್ದರಂತೆ. ಮುದುಕರನ್ನು ಗಾಲಿಕುರ್ಚಿಯಲ್ಲಿ ಬಾಗಿಲವರೆಗೆ ತಳ್ಳಿಕೊಂಡು ಹೋಗುತ್ತಿದ್ದರಂತೆ. ಓದಿ ಹೊಟ್ಟೆ ಉರಿಯಿತು. ಕೂಸೂ ಅಜ್ಜಿಯೂ ಒಟ್ಟಿಗೆ ಕೂರಬಹುದಾಗಿದ್ದ ಮೂರು ಗಂಟೆ ನಿಮ್ಮ ಕೈಯಲ್ಲಿತ್ತು, ನೀವು ಬೆನ್ನುನೋವಿನ ಮಾತಾಡಿದಿರಿ.

ಬೇಗ ಹೋಗುವುದನ್ನು ಕಟ್ಟಿಕೊಳ್ಳಿ, ಬೇಡ ಎನ್ನುವುದಿಲ್ಲ. ನಿಧಾನದ್ದನ್ನು ಒಡೆಯಬೇಡಿ. ದಿನಕ್ಕೊಂದು ಸಾಕು. ವಾರಕ್ಕೊಂದಾದರೂ ಸಾಕು.

ಇವತ್ತು ಮಧ್ಯಾಹ್ನ ಊಟಕ್ಕೆ ಕೂತಲ್ಲೇ ನನಗೆ ಕಣ್ಣು ಹತ್ತಿತು. ಎಚ್ಚರವಾದಾಗ ಇಂಚರ ನನ್ನ ತಟ್ಟೆಗೆ ಕೈಹಾಕಿದ್ದಳು. ತುಟಿಯ ಮೇಲೆ ಒಂದು ಅಗುಳಿತ್ತು, ಬಾಯಿ ಆಡುತ್ತಿತ್ತು. ನಾಳೆ ಶುಕ್ರವಾರ. ಅಮ್ಮ ಅಕ್ಕಿಯ ಡಬ್ಬ ತೋರಿಸುತ್ತಾರೆ.

ಇಂಚರಳ ತಾಯಿ,
ವಿನುತಾ