ಟ್ಯಾಂಕಿಗೆ ಸುರಿದ ಆಯಿಲ್

ಭಾನುವಾರ, ಮಾರ್ಚ್ ೧೪

ಪ್ರೀತಿಯ ಪ್ಲಗ್ಗು,

ಮೊದಲು ಬೈದುಬಿಡು, ಆಮೇಲೆ ಓದು. ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಅದನ್ನು ಮಡಚಿ ಕನ್ನಡಕದ ಪೆಟ್ಟಿಗೆಯೊಳಗೆ ಇಟ್ಟುಕೊಂಡು, ಕನ್ನಡಕ ತೆಗೆದಾಗಲೆಲ್ಲ ನೋಡಿ, ನೋಡಿದಾಗಲೆಲ್ಲ ‘ನಾಳೆ’ ಎಂದುಕೊಂಡೆ. ಫೋನು ಮಾಡಬಹುದಿತ್ತಲ್ಲ ಎನ್ನಬೇಡ. ಹೋದ ಸಲ ನಾನು ಫೋನಿನಲ್ಲಿ ಕೂಗಿದ್ದು ನಿನಗೊಬ್ಬನಿಗೆ ಬಿಟ್ಟು ನಮ್ಮ ಬೀದಿಗೆಲ್ಲ ಕೇಳಿಸಿತು. ನಿನ್ನ ಕಿವಿಯ ಜೊತೆ ಜಗಳ ಆಡುವುದಕ್ಕಿಂತ ಕಾಗದವೇ ವಾಸಿ.

ನಾವಿಲ್ಲಿ ಗಟ್ಟಿಮುಟ್ಟಾಗಿದ್ದೇವೆ. ನಿನ್ನ ಸೊಂಟ ಈಗ ಹೇಗಿದೆ? ಮೊಮ್ಮಗಳಿಗೆ ಹಲ್ಲು ಬಂತೇ? ಅವಳಿಗಿಂತ ನಿನಗೇ ಹಲ್ಲಿನ ಅಗತ್ಯ ಜಾಸ್ತಿ ಎಂದು ನಮ್ಮ ಮನೆಯವಳು ಹೇಳಿ ನಗುತ್ತಾಳೆ.

ನೀನು ಎರಡು ಪ್ರಶ್ನೆ ಕೇಳಿದ್ದೆ. ಬೇಕರಿ ಬಿಟ್ಟು ಮನೆಯಲ್ಲಿ ಕೂತಿದ್ದೀಯಂತೆ, ಯಾಕೆ? ಹೊಸ ಬೈಕು ಕಟ್ಟಿಸಿದ್ದೀಯಂತೆ, ಗಾಡಿ ಹೇಗಿದೆ? ಮೊದಲನೆಯದಕ್ಕೆ ಉತ್ತರ ಚಿಕ್ಕದು: ಸಾಕಾಯಿತು ಮಾರಾಯ. ಎರಡನೆಯದಕ್ಕೆ ಕುರ್ಚಿ ಎಳೆದುಕೊಂಡು ಕೂತುಕೋ.

ಮಳೆಗಾಲದಲ್ಲಿ ಬಂದ ಆ ಜ್ವರದಿಂದ ಎದ್ದಮೇಲೆ ನಾನು ಓವನ್ ಮುಂದೆ ನಿಂತಿಲ್ಲ. ಮಗಳೇ ನೋಡಿಕೊಳ್ಳುತ್ತಿದ್ದಾಳೆ. ಚೆನ್ನಾಗಿಯೇ ಮಾಡುತ್ತಾಳೆ, ಆದರೆ ಗಡಿಯಾರ ನೋಡಿಕೊಂಡು ಮಾಡುತ್ತಾಳೆ. ಹಿಟ್ಟು ಗಡಿಯಾರದ ಮಾತು ಕೇಳುವುದಿಲ್ಲ ಎಂಬುದು ನಿನಗೂ ಗೊತ್ತು. ಒಂದು ದಿನ ತಟ್ಟೆ ಪೂರ್ತಿ ಸೀದುಹೋಯಿತು, ಇನ್ನೊಂದು ದಿನ ಒಳಗೆ ಹಸಿ ಉಳಿಯಿತು. ಸಂಜೆ ಕೆಳಗಿನ ಬೇಕರಿಯಿಂದ ಮೇಲೆ ಮನೆಗೆ ಬಂದವಳು ಮೆಟ್ಟಿಲ ಮೇಲೆಯೇ ಕೂತುಬಿಟ್ಟಳು. “ಅಪ್ಪಾ, ನೀನು ಮೇಲೆ ಪೇಪರ್ ಓದ್ತಾ ಕೂತಿದ್ರೂ ‘ತೆಗಿ, ಆಯ್ತು’ ಅಂತಿದ್ದೆ. ನಂಗೆ ಅದು ಬರಲ್ಲ. ನೀನ್ ಬರ್ದೇ ಇದ್ರೆ ಗಿರಾಕಿಗಳೂ ಬರಲ್ಲ,” ಎಂದಳು. ನಾನು ಏನೋ ಹಾರಿಕೆಯ ಮಾತು ಆಡಿದೆ.

ಇವಳಿಗೆ ನನ್ನ ಚಿಂತೆ. ಗಂಡನಿಗೆ ಮಂಕು ಬಡಿದಿದೆ ಎಂದು ತಂಗಿಗೆ ಹೇಳಿಕೊಂಡಿದ್ದಳಂತೆ. ಅಂಥ ಹೊತ್ತಿನಲ್ಲಿ ನಾನು ಗಾಡಿ ಕಟ್ಟಿಸುತ್ತೇನೆ ಎಂದರೆ ಕುಣಿದಾಡುತ್ತಾಳೆ ಅಂದುಕೊಂಡೆಯಾ? ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

“ಅರವತ್ತು ದಾಟಿದ ಮೇಲೆ ಟೂ-ಸ್ಟ್ರೋಕಾ?”

“ಹೂಂ ಕಣೇ.”

“ಅದೇ ಹೊಗೆ ಉಗುಳೋದು?”

“ಅದೇ.”

“ಆಯ್ತು. ಕಟ್ಟಿಸ್ಕೊಳ್ಳಿ. ಆದ್ರೆ ಗಾಡಿ ಬಂದು ಒಂದು ತಿಂಗ್ಳೊಳಗೆ ನೀವು ಓವನ್ ಮುಂದೆ ನಿಲ್ಬೇಕು. ಇಲ್ದಿದ್ರೆ ಅದನ್ನ ಮಾರಿ, ನಂಗೊಂದು ಒಳ್ಳೆ ಕಪಾಟು ತಂದುಕೊಡಿ.”

ನಾನು ಒಪ್ಪಿಕೊಂಡೆ. ಒಪ್ಪಿಕೊಳ್ಳದೆ ಬೇರೆ ದಾರಿಯೂ ಇರಲಿಲ್ಲ. ಈಗ ತಿಂಗಳು ಮುಗಿಯುತ್ತ ಬಂದಿದೆ, ಇವಳು ಹಜಾರದ ಗೋಡೆಯನ್ನು ಅಳತೆ ಮಾಡುವುದು ನನ್ನ ಕಣ್ಣಿಗೆ ಬಿದ್ದಿದೆ.

ಗಾಡಿ ಕಟ್ಟಿದವಳು ಒಬ್ಬ ಹೆಣ್ಣುಮಗಳು. ಮೊದಲು ಆಸ್ಪತ್ರೆಗಳ ಕಬ್ಬಿಣದ ಮಂಚ ಮಾಡುತ್ತಿದ್ದಳಂತೆ, ಈಗ ಗಾಡಿಗಳ ಚಾಸಿ, ಅಂದರೆ ಕಬ್ಬಿಣದ ಚೌಕಟ್ಟು, ಮಾಡುತ್ತಾಳೆ. “ಇದ್ರಿಂದ ಬಿದ್ದೋರು ಅದ್ರ ಮೇಲೆ ಮಲಗ್ತಾರೆ ಅಂಕಲ್, ಏನೂ ವ್ಯತ್ಯಾಸ ಇಲ್ಲ,” ಎಂದು ಮೊದಲ ದಿನವೇ ನನ್ನ ಬಾಯಿ ಮುಚ್ಚಿಸಿದಳು. ಸೈಲೆನ್ಸರನ್ನು ಅವಳು ತಗಡು ಕತ್ತರಿಸಿ, ಸುರುಳಿ ಸುತ್ತಿ, ತುಂಡು ತುಂಡಾಗಿ ಬೆಸೆದಿದ್ದಾಳೆ. ಬೆಸೆದ ಕಡೆಯೆಲ್ಲ ನೀಲಿ, ನೇರಳೆ, ಹೊನ್ನಿನ ಬಣ್ಣ. ನಾನು ಪೇಂಟ್ ಬೇಡ, ಹಾಗೇ ಇರಲಿ ಎಂದೆ.

ನಮ್ಮ ಹಳೆಯ ಮೂರು ಗಾಡಿಗಳು ನೆನಪಿವೆಯಲ್ಲ? ನಾವಿಬ್ಬರೂ ಪಾಲು ಹಾಕಿಕೊಂಡಿದ್ದ ಕರಿಯ, ಕಿಕ್ಕರ್ ತಿರುಗಿ ಹೊಡೆದು ನಿನ್ನ ಮೊಣಕಾಲಿನ ಮೇಲೆ ಸಹಿ ಹಾಕಿದ್ದು. ಆಮೇಲೆ ನನ್ನ ಮದುವೆಯ ವರ್ಷದ ಕೆಂಪಿ, ಇವಳು ಹಿಂದೆ ಕೂತರೆ ಮಾತ್ರ ನೆಟ್ಟಗೆ ಹೋಗುತ್ತಿದ್ದದ್ದು. ಕೊನೆಗೆ ಬೂದಿ ಬಣ್ಣದ್ದು, ಬ್ರೆಡ್ ಡಬ್ಬಿ ಕಟ್ಟಿಕೊಂಡು ಅಂಗಡಿ ಅಂಗಡಿ ಸುತ್ತಿದ ಪಾಪದ್ದು. ಮೂರಕ್ಕೂ ಬ್ರೇಕ್ ಅನ್ನುವುದು ಬರೀ ನಂಬಿಕೆಯ ವಿಷಯವಾಗಿತ್ತು. ಲೈಟಿನ ಬೆಳಕಿನಲ್ಲಿ ಲೈಟೇ ಕಾಣುತ್ತಿರಲಿಲ್ಲ.

ಇದು ಹಾಗಲ್ಲ ಕಣೋ. ಗುಂಡಿ ಒತ್ತಿದರೆ ಎದ್ದು ಕೂರುತ್ತದೆ. ಕಿಕ್ಕರೂ ಇದೆ, ನಾನೇ ಹಠ ಮಾಡಿ ಹಾಕಿಸಿದೆ. ಹಗುರ ಎಷ್ಟೆಂದರೆ ನಿಲ್ಲಿಸಿದಲ್ಲೇ ಒಬ್ಬನೇ ಹಿಂದಿನ ಚಕ್ರ ಎತ್ತಿ ತಿರುಗಿಸಬಹುದು. ಬ್ರೇಕ್ ಮುಟ್ಟಿದರೆ ಸಾಕು, ನಿಲ್ಲುತ್ತದೆ. ಮೊದಲ ದಿನ ನಾನು ಹಳೆಯ ಅಭ್ಯಾಸದಂತೆ ಬಲ ಹಾಕಿ ಹಿಡಿದು ಹ್ಯಾಂಡಲ್‌ಗೆ ಮುತ್ತು ಕೊಟ್ಟೆ. ಆದರೆ ಅದರ ಬುದ್ಧಿ ಮಾತ್ರ ಹಳೆಯದೇ. ಎಕ್ಸಲರೇಟರ್ ತಿರುಗಿಸಿದರೆ ಮೊದಲು ಸಾಧುವಿನಂತೆ ಗೊಣಗುತ್ತದೆ. ಇಷ್ಟೇನಾ ಎಂದುಕೊಳ್ಳುವಷ್ಟರಲ್ಲಿ ಯಾರೋ ಹಿಂದಿನಿಂದ ಒದ್ದ ಹಾಗೆ ನುಗ್ಗುತ್ತದೆ. ನನ್ನ ಬಾಯಿಂದ ನಮ್ಮ ಕಾಲದ ಆ ಕೂಗು ತಾನಾಗಿಯೇ ಬಂತು. ರಸ್ತೆ ಬದಿಯ ಅಂಗಡಿಯಲ್ಲಿ ಗಡ್ಡ ಬೋಳಿಸುತ್ತಿದ್ದ ಕ್ಷೌರಿಕ ಕತ್ತಿ ಹಿಡಿದುಕೊಂಡೇ ಹೊರಗೆ ಬಂದು ನೋಡಿದ. ಇಳಿಜಾರಿನಲ್ಲಿ ನಮ್ಮ ಹಳೆಯ ಗಾಡಿಗಳ ಆ ಟಿಣ್‌ಟಿಣ್ ಸದ್ದೂ ಬರುತ್ತದೆ. ನಿನ್ನನ್ನು ಎಷ್ಟು ನೆನೆಸಿಕೊಂಡೆ ಗೊತ್ತಾ?

ಈಗ ನಗಬೇಕಾದ ಸಂಗತಿ ಕೇಳು.

ನಮ್ಮ ಹಳೆಯವುಗಳ ಹಾಗೆ ಈ ಗಾಡಿಗೆ ಪೆಟ್ರೋಲಿನಲ್ಲಿ ಆಯಿಲ್ ಬೆರೆಸುವ ಹಾಗಿಲ್ಲ. ಆಯಿಲ್‌ಗೆಂದೇ ಸೀಟಿನ ಕೆಳಗೆ ಬೇರೆ ಡಬ್ಬಿ ಇದೆ, ಸಣ್ಣದೊಂದು ಪಂಪು ಎಷ್ಟು ಬೇಕೋ ಅಷ್ಟನ್ನು ತಾನೇ ಎಳೆದುಕೊಳ್ಳುತ್ತದೆ. ಹಾಗಾಗಿ ಹೊಗೆಯೂ ಇಲ್ಲವೆನ್ನುವಷ್ಟು ಕಡಿಮೆ. ಕಟ್ಟಿದವಳು ಬೆರಳು ತೋರಿಸಿ ಹೇಳಿದ್ದಳು: “ಅಂಕಲ್, ಟ್ಯಾಂಕಿಗೆ ಬರೀ ಪೆಟ್ರೋಲ್. ಹಳೇ ಕೈ ನಿಮ್ದು, ಮರೆತು ಆಯಿಲ್ ಸುರಿದುಬಿಟ್ಟೀರಾ!”

ಹಾಗೇ ಆಯಿತು. ಇವಳನ್ನು ಮೊದಲ ಸಲ ಕೂರಿಸಿಕೊಂಡು ಹೊರಟ ದಿನ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದೆ. ಟ್ಯಾಂಕಿಗೆ ಆಯಿಲ್ ಸುರಿದೆ, ಮುಚ್ಚಳ ಹಾಕಿದೆ, ನಾವು ಮಾಡುತ್ತಿದ್ದ ಹಾಗೆಯೇ ಹ್ಯಾಂಡಲ್ ಹಿಡಿದು ಗಾಡಿಯನ್ನು ಆ ಕಡೆ ಈ ಕಡೆ ಚೆನ್ನಾಗಿ ಕುಲುಕಿದೆ. ಎರಡು ಬೀದಿ ದಾಟುವಷ್ಟರಲ್ಲಿ ಹೊಗೆ ಶುರುವಾಯಿತು. ಹೊಗೆ ಎಂದರೆ ಎಂಥದ್ದು! ಸಿಗ್ನಲ್‌ನಲ್ಲಿ ನಿಂತರೆ ಹಿಂದಿನ ಬಸ್ಸು ಮಾಯ. ಹಣ್ಣಿನ ಗಾಡಿಯವಳು ಸೆರಗಿನಿಂದ ಮೂಗು ಮುಚ್ಚಿಕೊಂಡು, “ಯಾರಪ್ಪಾ ನೀನು, ಸೊಳ್ಳೆ ಔಷಧಿ ಹೊಡೆಯೋನಾ?” ಎಂದು ಕೂಗಿದಳು. ಟ್ರಾಫಿಕ್ ಪೊಲೀಸ್ ಸೀಟಿ ಊದಲು ಬಾಯಿ ತೆರೆದವನು ಕೆಮ್ಮುತ್ತಾ ಕೂತ. ಇವಳು ಹಿಂದೆ ಕೆಮ್ಮುವುದೋ ನಗುವುದೋ ತಿಳಿಯದೆ ನನ್ನ ಬೆನ್ನಿಗೆ ಗುದ್ದುತ್ತಿದ್ದಳು. ನಾನು ಮಾತ್ರ ಹಸಿರು ದೀಪ ಬಂದರೂ ಹೊರಡದೆ ಆ ಮೋಡದ ನಡುವೆ ಎದೆ ತುಂಬ ಉಸಿರು ಎಳೆದುಕೊಳ್ಳುತ್ತಾ ನಿಂತಿದ್ದೆ. ಕೆಂಪಿಯ ಕಾಲ ನೆನಪಾಯಿತು ನೋಡು, ಮೈಮರೆತೆ.

ನೀರಿನ ಟ್ಯಾಂಕ್ ಇರುವ ಗುಡ್ಡದ ಮೇಲಕ್ಕೆ ಹೋದೆವು. ಇವಳು ಇಳಿದು, ಕೂದಲು ಸರಿಮಾಡಿಕೊಂಡು, ನನ್ನ ಅಂಗಿಯ ಹೆಗಲಿಗೆ ಮೂಗು ತಂದು ನಿಧಾನವಾಗಿ ಹೇಳಿದಳು: “ಅದೇ ವಾಸನೆ ರೀ. ಸುಟ್ಟ ಆಯಿಲ್‌ದು. ಮೊದಲು ಸ್ವಲ್ಪ ಘಾಟು, ಆಮೇಲೆ ಒಂಥರಾ ಸಿಹಿ. ನಮ್ಮ ಮದುವೆ ಆದ ವರ್ಷ ನಿಮ್ಮ ಅಂಗಿಗಳೆಲ್ಲ ಹೀಗೇ ಇರ್ತಿದ್ವು. ಎಷ್ಟು ಒಗೆದ್ರೂ ಹೋಗ್ತಿರ್ಲಿಲ್ಲ. ಅಲ್ವಾ?”

“ಹೌದು ಕಣೇ, ಅದೇ,” ಎಂದೆ.

ಇವಳಿಗೆ ಈಚೆಗೆ ಇದೊಂದು ಚಟ ಹತ್ತಿದೆ. ಬೆಳಿಗ್ಗೆ ಎದ್ದರೆ ರೇಡಿಯೋ ಹಾಕಿದ ಹಾಗೆ. ಕಾಫಿ ಪುಡಿ ಇವತ್ತು ಗಮ್ ಅಂತಿದೆ. ಹಾಲು ಹುಳಿ ವಾಸನೆ ಬರ್ತಿದೆ, ಕುಡೀಬೇಡಿ. ಎಲ್ಲೋ ಮಳೆ ಬಿದ್ದಿದೆ, ಮಣ್ಣಿನ ವಾಸನೆ. ಮೊದಲೆಲ್ಲ ಮೂರು ಮಾತಿಗೆ ಒಂದು ಆಡುತ್ತಿದ್ದವಳು. ವಯಸ್ಸಾದಂತೆ ಹೆಂಗಸರಿಗೆ ಮಾತು ಹೆಚ್ಚುತ್ತದೋ ಏನೋ. ನಿನ್ನ ಮನೆಯಲ್ಲೂ ಹೀಗೇನಾ? ನಿನಗೆ ಕೇಳಿಸದಿದ್ದರೆ ಪುಣ್ಯವಂತ.

ಇಳಿಯುವಾಗ, ಊಹಿಸಿದ್ದೀಯಲ್ಲ, ಆಯಿಲ್ ಮಸಿ ಹಿಡಿದು ಸ್ಪಾರ್ಕ್ ಪ್ಲಗ್ ಕಪ್ಪಾಗಿ ಗಾಡಿ ನಿಂತೇಬಿಟ್ಟಿತು. ಜೇಬಿನಲ್ಲಿ ಸದಾ ಒಂದು ಪ್ಲಗ್ ಇಟ್ಟುಕೊಂಡು ಓಡಾಡುತ್ತಿದ್ದ ಮಹಾನುಭಾವ ಪಕ್ಕದಲ್ಲಿರಲಿಲ್ಲ. ಪ್ಲಗ್ ಬಿಚ್ಚಿ, ಬೆಂಕಿಪೊಟ್ಟಣದ ಪಕ್ಕಕ್ಕೆ ಉಜ್ಜಿ ಉಜ್ಜಿ, ಊದಿ ಊದಿ, ಮತ್ತೆ ಕೂರಿಸಿ ಕಿಕ್ಕರ್ ತುಳಿದೆ. ಮೂರನೇ ಸಲಕ್ಕೆ ಎದ್ದಿತು. ಕಲ್ಲಿನ ಮೇಲೆ ಕೂತಿದ್ದ ಇವಳು ಚಪ್ಪಾಳೆ ತಟ್ಟಿದಳು. ಗಾಡಿ ಕಟ್ಟಿದವಳು ಮಾರನೇ ದಿನ ಟ್ಯಾಂಕ್ ಖಾಲಿ ಮಾಡುತ್ತಾ, “ನಾನ್ ಹೇಳಿರ್ಲಿಲ್ವಾ ಅಂಕಲ್!” ಎಂದು ಬೈದಳು. “ಮರೆವು, ತಾಯಿ,” ಎಂದು ಹಲ್ಲು ಕಿರಿದೆ.

ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡಾದರೂ ಒಮ್ಮೆ ಬಾ. ಒಂದು ಸುತ್ತು ನೀನು ಓಡಿಸು, ಒಂದು ಸುತ್ತು ನಾನು. ಕಪಾಟು ಬರುವುದರೊಳಗೆ ಬಂದರೆ ಒಳ್ಳೆಯದು. ಅತ್ತಿಗೆಗೆ ನನ್ನ ನಮಸ್ಕಾರ ಹೇಳು. ಮೊಮ್ಮಗಳಿಗೆ ಈ ಅಜ್ಜನ ತುಂಬು ಹರಕೆ. ಅವಳು ನಡೆಯುವ ಮೊದಲೇ ಓಡುವಂತಾಗಲಿ, ಗೇರು ಬದಲಿಸುವುದನ್ನು ನಾನು ಕಲಿಸುತ್ತೇನೆ.

ಎಂದೆಂದೂ ನಿನ್ನವನೇ ಆದ
ಬನ್ನು

ಮರೆತಿದ್ದು: ಮರೆತಿದ್ದಲ್ಲ. ನಿನಗೂ ಹೇಳದಿದ್ದರೆ ಇನ್ಯಾರಿಗೆ ಹೇಳಲಿ? ಟ್ಯಾಂಕಿಗೆ ಆಯಿಲ್ ಸುರಿದದ್ದು ಮರೆವಿನಿಂದಲ್ಲ, ಬೇಕೆಂದೇ ಸುರಿದೆ. ಆ ಜ್ವರ ಹೋಗುವಾಗ ನನ್ನ ಮೂಗನ್ನೂ ಕರೆದುಕೊಂಡು ಹೋಯಿತು ಕಣೋ. ಏನೂ ವಾಸನೆ ತಿಳಿಯುವುದಿಲ್ಲ. ಬೇಯುತ್ತಿರುವ ಬ್ರೆಡ್ ಮುಂದೆ ನಿಂತರೂ ಒಂದೇ, ಗೋಡೆಯ ಮುಂದೆ ನಿಂತರೂ ಒಂದೇ. ಅದಕ್ಕೇ ಓವನ್ ಬಿಟ್ಟೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ; ಮೂಗಿಲ್ಲದ ಬೇಕರಿಯವನು ಎಂದು ಹೇಳಿಕೊಳ್ಳಲು ಬಾಯಿ ಬರಲಿಲ್ಲ. ಡಾಕ್ಟರು, “ನಿಮಗೆ ತುಂಬ ಇಷ್ಟವಾದ ಹಳೇ ವಾಸನೆಗಳನ್ನ ದಿನಾ ಮೂಸಿ, ಬಂದ್ರೆ ಬರಬಹುದು,” ಎಂದರು. ಕಾಫಿ ಆಯಿತು, ಏಲಕ್ಕಿ ಆಯಿತು, ಇವಳ ದಿಂಬೂ ಆಯಿತು. ಕೊನೆಗೆ ನೆನಪಾದದ್ದು ಆ ಹೊಗೆ. ಅದಕ್ಕಾಗಿ ಇಡೀ ಗಾಡಿಯನ್ನೇ ಕಟ್ಟಿಸಿದೆ. ಅದರ ಹೊಗೆ ಸಾಲದೆಂದು ಆಯಿಲ್ ಸುರಿದೆ. ಸಿಗ್ನಲ್‌ನಲ್ಲಿ ಎದೆ ತುಂಬ ಎಳೆದುಕೊಂಡೆ. ಕಣ್ಣು ಉರಿಯಿತು, ಗಂಟಲು ಉರಿಯಿತು. ಅಷ್ಟೇ. ಗುಡ್ಡದ ಮೇಲೆ ಇವಳು ‘ಅಲ್ವಾ?’ ಎಂದಾಗ ‘ಹೌದು’ ಎಂದು ಸುಳ್ಳು ಹೇಳಿದೆ.

ಇಷ್ಟು ಬರೆಯುವಷ್ಟರಲ್ಲಿ ಇವಳು ಮೆಟ್ಟಿಲ ಹತ್ತಿರ ನಿಂತು ಕರೆದಳು. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ: “ರೀ, ಕೆಳಗಿಂದ ಬ್ರೆಡ್ ವಾಸನೆ ಬರ್ತಿದೆ. ಹಸಿ ವಾಸನೆ ಹೋಯ್ತು, ಈಗ ತಳ ಕೆಂಪಾಗ್ತಿದೆ. ಮಗಳು ಗಡಿಯಾರ ನೋಡ್ತಾ ಕೂತಿರ್ತಾಳೆ. ಬನ್ನಿ, ನಾನು ಪಕ್ಕದಲ್ಲಿ ನಿಂತು ಹೇಳ್ತೀನಿ, ನೀವು ತೆಗೀರಿ.”

ಇವಳಿಗೆ ಗೊತ್ತಿದೆ ಕಣೋ ಪ್ಲಗ್ಗು. ಆ ವಾಸನೆಗಳ ರೇಡಿಯೋ ಸುಮ್ಮನೆ ಓಡುತ್ತಿರಲಿಲ್ಲ.

ಇಲ್ಲಿಗೆ ನಿಲ್ಲಿಸುತ್ತೇನೆ. ಏಪ್ರನ್ ಎಲ್ಲಿಟ್ಟಿದ್ದೇನೋ ಹುಡುಕಬೇಕು.